ಮೀನು ಹೆಚ್ಚಾಯ್ತು, ನಮ್ಮ ಮೀನು ಹೋಯ್ತು

ವೀಕೆಂಡ್‌ನಲ್ಲಿ ಭೀಮೇಶ್ವರಿಗೆ ಹೋಗಿ, ಕಯಾಕ್ ನಡೆಸಿ, ರೀಲ್ಸ್ ಹಾಕಿದವರು ನಮ್ಮ ಕಾಲೇಜಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ನೀರಿನ ಹಳೇ ಯಜಮಾನ ಯಾರು ಗೊತ್ತಾ? ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಮೀನು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ 120 ಪೌಂಡ್, ಅಂದ್ರೆ ಸುಮಾರು 54 ಕೆಜಿ ತೂಗಿತ್ತು. ನಮ್ಮ ಹಾಸ್ಟೆಲ್‌ನಲ್ಲಿ ಕೆಲವರು ಅಷ್ಟು ತೂಗಲ್ಲ!

ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಈ ಜಾತಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರು, ಪಕ್ಕದಲ್ಲೇ ಆಳವಾದ ಮಡು, ಇದೇ ಅದರ ಮನೆ. ಅಣೆಕಟ್ಟು, ಮರಳು ದಂಧೆ, ಡೈನಮೈಟ್ ಆ ಮನೆಯನ್ನು ಕೆಡಿಸಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ನನ್ನನ್ನು ಕಾಡಿದ್ದು ಒಳ್ಳೇ ಮನಸ್ಸಿನಿಂದ ಮಾಡಿದ ಒಂದು ಕೆಲಸ.

ಮಹಶೀರ್ ಕಮ್ಮಿಯಾಗ್ತಿದೆ ಅಂತ 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ಬಿಟ್ಟರು. ಆದರೆ ಅವು ನೀಲಿ ರೆಕ್ಕೆಯ ಬೇರೆ ಜಾತಿ. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದರು. ಸಿಕ್ಕಿದ ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿತ್ತು. ಗೂನು ಬೆನ್ನಿನದು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಬರೀ ಟೋಟಲ್ ನೋಡಿದ್ದರೆ ಪ್ರಾಜೆಕ್ಟ್ ಸೂಪರ್ ಹಿಟ್!

ಇನ್ನೂ ವಿಚಿತ್ರ ಅಂದ್ರೆ, ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಇದು 'ಟಾರ್ ರೆಮಾದೇವಿ' ಅಂತ ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ ಸೇರಿತು. ಹೆಸರೇ ಇಲ್ಲದ್ದನ್ನು ಯಾವ ಪಟ್ಟಿಗೆ ಸೇರಿಸೋದು, ಯಾವ ಕಾನೂನಿನಿಂದ ಕಾಪಾಡೋದು?

"ಯಾವ ಮಹಶೀರ್ ಆದ್ರೇನು, ನದೀಲಿ ಮೀನು ಇದೆಯಲ್ಲ" ಅನ್ನೋರಿದ್ದಾರೆ. ನಾನು ಒಪ್ಪಲ್ಲ. ನೀಲಿ ರೆಕ್ಕೆಯದಕ್ಕೆ ಬೇರೆ ನದಿಗಳಿವೆ, ಇದಕ್ಕೆ ಇರೋದು ಕಾವೇರಿ ಒಂದೇ. ಮರಿ ಬಿಡೋದು ಸುಲಭ, ಫೋಟೋಗೂ ಚೆನ್ನಾಗಿರುತ್ತೆ. ಉಳಿದಿರೋ ನಾಲ್ಕು ಮಡುಗಳನ್ನು, ಬೇಸಿಗೆಯ ಹರಿವನ್ನು ಕಾಯೋದು ಕಷ್ಟ. ಮೊದಲು ಆಗಬೇಕಿರೋದು ಆ ಕಷ್ಟದ ಕೆಲಸ.

ನಾವೂ ಪ್ರಾಬ್ಲಮ್ ಏನಂತ ಪೂರ್ತಿ ಓದದೆ ಕೋಡ್ ಬರೆಯೋಕೆ ಕೂರೋರೇ. ಕೋಡ್ ತಪ್ಪಾದ್ರೆ ಅಳಿಸಬಹುದು; ನದಿಗೆ ಬಿಟ್ಟ ಮೀನನ್ನು ವಾಪಸ್ ಹಿಡಿಯೋಕಾಗಲ್ಲ. ಮುಂದೆ ನಮ್ಮ ಕಾಲೇಜಿನವರೇ ಯಾವುದಾದ್ರೂ ಕೆರೆಗೋ ಹೊಳೆಗೋ ಮರಿ ಬಿಡೋಣ ಅಂತ ಹೊರಟರೆ, ಬಕೆಟ್ ಬಗ್ಗಿಸೋ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ಈ ನೀರಿನ ಮೀನಾ?