ಮಾಜಿ ಸೈನಿಕರ ಚಿಂತೆಯೂ ಒಂದು ಬೇನೆ

ಡಿಸೆಂಬರ 7 ಬಂದರೆ ಧ್ವಜ ದಿನದ ಡಬ್ಬಿ ಬರುತ್ತದೆ. 1949ರಿಂದ ನಡೆದುಬಂದ ಪದ್ಧತಿಯಿದು. ವ್ಯಾಪಾರಸ್ಥರು ಡಬ್ಬಿಗೆ ನೋಟು ಹಾಕಿ, ಅಂಗಿಗೆ ಚಿಕ್ಕ ಧ್ವಜ ಚುಚ್ಚಿಸಿಕೊಂಡು, ಸೈನಿಕರ ಋಣ ತೀರಿತೆಂದು ಮತ್ತೆ ತಕ್ಕಡಿ ಹಿಡಿಯುತ್ತಾರೆ. ಆದರೆ ಅದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತ, ಲಷ್ಕರದಿಂದ ಮರಳಿ ಬಂದ ಮನುಷ್ಯ ನಿನ್ನೆ ರಾತ್ರಿ ನಿದ್ದೆ ಮಾಡಿದನೋ ಇಲ್ಲವೋ ಎಂದು ಕೇಳುವವರು ಯಾರು?

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಅಧಿಕಾರಿಗಳಾಗುವವರು ಅಂಥ ಶಾಲೆಗಳಿಂದ ಹೋಗುತ್ತಾರೆ. ಸಿಪಾಯಿಗಳಾಗುವವರು ಮನಗೂಳಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಮಳೆ ನಂಬಿದ ಹೊಲಗಳಿಂದ ಹೋಗುತ್ತಾರೆ. ಹದಿನೆಂಟು ಇಪ್ಪತ್ತಕ್ಕೆ ಸೇರಿದವನು ನಾಲ್ವತ್ತರ ಆಚೀಚೆಗೆ ಪಿಂಚಣಿಯ ಕಾಗದ ಹಿಡಿದು ಮನೆಗೆ ಬರುತ್ತಾನೆ. ಅಲ್ಲಿ ಏಳುವ ಹೊತ್ತು, ಉಣ್ಣುವ ಹೊತ್ತು, ಕಾಯುವ ಹೊತ್ತು ಎಲ್ಲವನ್ನೂ ಇನ್ನೊಬ್ಬರು ಗೊತ್ತುಮಾಡುತ್ತಿದ್ದರು. ಇಲ್ಲಿ ಸೊಸೈಟಿಯ ಸಾಲ, ಹೊಲದ ಪಾಲು, ಮಗಳ ಲಗ್ನ, ಮಗನ ಕಾಲೇಜಿನ ಫೀ ಒಮ್ಮೆಲೇ ತಲೆಯ ಮೇಲೆ ಬೀಳುತ್ತವೆ.

ಚಿಂತೆ ಯಾರಿಗಿಲ್ಲ? ಗಿರಣಿ ನಿಂತರೆ ಕಾಮಗಾರನಿಗೆ ಚಿಂತೆ, ಉದ್ರಿ ಬಾರದಿದ್ದರೆ ಅಂಗಡಿಕಾರನಿಗೆ ಚಿಂತೆ. ಗಿರಣಿಯ ಭೋಂಗಾ ಮತ್ತೆ ಕೂಗಿದರೆ, ಉದ್ರಿ ವಸೂಲಾದರೆ ಆ ಚಿಂತೆ ಇಳಿಯುತ್ತದೆ. ಬೇನೆಯ ಚಿಂತೆ ಹಾಗೆ ಇಳಿಯುವುದಿಲ್ಲ. ಒಂದು ಕಾರಣ ತೀರಿದರೆ ಅದು ಇನ್ನೊಂದನ್ನು ಹಿಡಿಯುತ್ತದೆ. ಮಗ ಶಾಲೆಯಿಂದ ಹತ್ತು ನಿಮಿಷ ತಡವಾದರೆ ಅಪಘಾತವೇ ಆಯಿತೆಂಬ ದಿಗಿಲು, ಬ್ಯಾಂಕಿನಿಂದ ಕಾಗದ ಬಂದರೆ ಪಿಂಚಣಿಯೇ ನಿಂತಿತೆಂಬ ದಿಗಿಲು. ಇಂಥ ಹತೋಟಿಗೆ ಬಾರದ ಚಿಂತೆ ಆರು ತಿಂಗಳು ಹೆಚ್ಚಿನ ದಿನಗಳಲ್ಲಿ ಕಾಡಿ, ಜೊತೆಗೆ ನಿದ್ದೆ ಕೆಟ್ಟು, ಮೈ ಬಿಗಿದು, ಸುಮ್ಮನೆ ದಣಿವಾಗಿ, ಕೂತಲ್ಲಿ ಕೂಡಲಾರದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ, ಸಣ್ಣ ಮಾತಿಗೂ ಸಿಡುಕು ಬರುತ್ತಿದ್ದರೆ ವೈದ್ಯರು ಅದನ್ನು ಆತಂಕದ ಬೇನೆಯೆಂದು ಗುರುತಿಸುತ್ತಾರೆ. ಯುದ್ಧದಲ್ಲಿ ಕಂಡದ್ದೇ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಬೇರೊಂದು ಬೇನೆ; ಎರಡೂ ಒಬ್ಬನಲ್ಲೇ ಇರಬಹುದು. ಗುಂಡಿನ ಸದ್ದನ್ನೇ ಕೇಳದೆ ಉಗ್ರಾಣದಲ್ಲಿ, ಅಡಿಗೆಮನೆಯಲ್ಲಿ ದುಡಿದು ಬಂದವನಿಗೂ ಆತಂಕ ಬರಬಹುದೆಂಬುದನ್ನು ಮರೆಯಲಾಗದು.

ಸೈನಿಕನಲ್ಲಿ ಇದು ಕಣ್ಣಿಗೆ ಬೀಳುವುದು ಕಷ್ಟ. ಮೂರು ಸಲ ಎದ್ದು ಬಾಗಿಲ ಚಿಲಕ ನೋಡಿದರೆ 'ಮಿಲಿಟರಿ ಶಿಸ್ತು' ಎನ್ನುತ್ತೇವೆ. ಮಕ್ಕಳ ಮೇಲೆ ಗದರಿದರೆ 'ಮಿಲಿಟರಿ ಸಿಟ್ಟು' ಎಂದು ನಗುತ್ತೇವೆ. ಕ್ಯಾಂಟೀನಿನ ರಮ್ಮನ್ನು ದಿನವೂ ಕುಡಿದರೆ ಚಟವೆನ್ನುತ್ತೇವೆ. ಅದಿಲ್ಲದೆ ಅವನಿಗೆ ಕಣ್ಣು ಮುಚ್ಚುವುದಿಲ್ಲವೆಂಬುದು ಹೆಂಡತಿಗಷ್ಟೇ ಗೊತ್ತು. ಅವನೂ ಮನಸ್ಸಿನ ಮಾತು ಆಡುವುದಿಲ್ಲ. ಎದೆ ಡವಡವ, ಹೊಟ್ಟೆಯಲ್ಲಿ ತಳಮಳ, ಕುತ್ತಿಗೆ ನೋವು ಎನ್ನುತ್ತಾನೆ. 1871ರಷ್ಟು ಹಿಂದೆಯೇ ಡಾಕೋಸ್ಟಾ ಎಂಬ ವೈದ್ಯ ಅಮೇರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥ ಎದೆಬಡಿತವನ್ನು ಕಂಡು ಬರೆದಿದ್ದ. ಥೈರಾಯ್ಡ್ ದೋಷದಿಂದಲೂ ಎದೆ ಬಡಿಯುತ್ತದೆ, ಅತಿಯಾದ ಚಹದಿಂದಲೂ ಬಡಿಯುತ್ತದೆ. ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ, ನೆರೆಯವರದಲ್ಲ. ನೆರೆಯವರ ಕೆಲಸ ಗಮನಿಸುವುದು, ಕರೆದೊಯ್ಯುವುದು.

ಗಿರಣಿ ಕಾಮಗಾರರೇ, ನಿಮ್ಮ ಗೇಟಿನಲ್ಲಿ ನಿಂತ ವಾಚಮನ್ ಬಹುಶಃ ಮಾಜಿ ಸೈನಿಕನೇ. ಗುತ್ತಿಗೆದಾರ ಅವನನ್ನು ಹನ್ನೆರಡು ತಾಸು ನಿಲ್ಲಿಸುತ್ತಾನೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಮೊದಲೇ ನಿದ್ದೆಗೆಟ್ಟವನ ಉಳಿದ ನಿದ್ದೆಯನ್ನೂ ಹೀಗೆ ಕಸಿದ ಮೇಲೆ ಬೇನೆ ಹೆಚ್ಚದೆ ಏನಾದೀತು? ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದವನಿಗಂತೂ ಆ ಹೆದರಿಕೆ ಇನ್ನೂ ದೊಡ್ಡದು. ಆದ್ದರಿಂದ ಮುಚ್ಚಿಡುತ್ತಾನೆ. ಬೇನೆಯನ್ನು ಮುಚ್ಚಿಟ್ಟು ಬಂದೂಕು ಹಿಡಿಯುವುದು ಯಾರ ಸುರಕ್ಷತೆಗಾಗಿ ಎಂದು ಗುತ್ತಿಗೆದಾರರನ್ನು ಕೇಳಬೇಕಾಗಿದೆ.

'ಸೈನಿಕನಾಗಿ ಹೆದರುತ್ತೀಯಾ' ಎಂಬ ಮಾತನ್ನು ಮಾತ್ರ ಯಾರೂ ಆಡಬಾರದು. ನಿದ್ದೆ ಹೇಗಿದೆ ಎಂದು ಕೇಳಿರಿ. ಔಷಧದ ಅಂಗಡಿಯಿಂದ ನಿದ್ದೆಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು ಇನ್ನೊಂದು ಚಟಕ್ಕೆ ದಾರಿ. ಮಾತಿನ ಚಿಕಿತ್ಸೆಯಿದೆ, ಗುಳಿಗೆಯೂ ಇದೆ. ಗುಳಿಗೆಯ ಗುಣ ಕಾಣಲು ಕೆಲವು ವಾರಗಳು ಬೇಕು. ನಾಲ್ಕು ದಿನಕ್ಕೇ ಬಿಡಬಾರದು. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಪುಕ್ಕಟೆಯಾಗಿ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಸರಕಾರದ ಹೊಣೆ ಇಷ್ಟಕ್ಕೇ ತೀರಲಿಲ್ಲ. ಪಿಂಚಣಿದಾರ ಸೈನಿಕನಿಗೆ 2003ರಿಂದ ಆರೋಗ್ಯ ಯೋಜನೆಯೊಂದಿದೆ. 2022ರ ಅಗ್ನಿಪಥದಲ್ಲಿ ಸೇರಿದವರ ಗತಿಯೇನು? ನಾಲ್ಕರಲ್ಲಿ ಒಬ್ಬನಿಗಿಂತ ಹೆಚ್ಚು ಜನರನ್ನು ಉಳಿಸಿಕೊಳ್ಳದ ಯೋಜನೆಯದು. ನಾಲ್ಕು ವರ್ಷಕ್ಕೆ ಮನೆಗೆ ಬರುವ ಉಳಿದವರಿಗೆ ಯೋಜನೆಯ ಕಟ್ಟಳೆಯಂತೆ ಪಿಂಚಣಿಯೂ ಇಲ್ಲ, ಆ ಆರೋಗ್ಯ ಯೋಜನೆಯೂ ಇಲ್ಲ. ಇಪ್ಪತ್ತೈದರ ಒಳಗೇ ನಿರುದ್ಯೋಗಿಯಾಗಿ ಮರಳುವವನ ಚಿಂತೆಗೆ ಯಾವ ಬಾಗಿಲು? ತಾಲೂಕಾ ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡನ್ನು ಕರ್ನಾಟಕ ಸರಕಾರ 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಿಂದ ಸಾರಿತು. ಬಸವನ ಬಾಗೇವಾಡಿಯಲ್ಲಿ ಅದು ಒಂದು ವಾರವೂ ತಪ್ಪದೆ ನಡೆಯಬೇಕು, ಮನಗೂಳಿಯವರಿಗೆ ಅದರ ತಿಳಿವಳಿಕೆ ಮುಟ್ಟಬೇಕು. ಅಗ್ನಿವೀರರಿಗೂ ಸೈನಿಕರ ಆರೋಗ್ಯ ಯೋಜನೆ ತೆರೆಯಬೇಕು. ವಾಚಮನ್‌ರ ಪಾಳಿ ಎಂಟು ತಾಸಿಗೆ ಇಳಿಯಬೇಕು. ಈ ಮೂರನ್ನೂ ಮುಂದಿನ ಧ್ವಜ ದಿನದ ಡಬ್ಬಿ ಬರುವ ಮೊದಲೇ ಕಾಮಗಾರರೂ ವ್ಯಾಪಾರಸ್ಥರೂ ಕೂಡಿ ಜಿಲ್ಲಾಧಿಕಾರಿಗಳ ಮುಂದಿಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ.