ಪ್ರಚಾರ ನಿಲ್ಲಿಸಿದರೆ ಟ್ಯಾಂಕರ್ ಬರುತ್ತದೆಯೇ?

ಬರ, ನೆರೆ, ರೋಗ ಬಂದಾಗ ಅಭ್ಯರ್ಥಿಗಳು ಪ್ರಚಾರ ನಿಲ್ಲಿಸಿ ಜನರ ಕಷ್ಟಕ್ಕೆ ಬರಬೇಕು ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ 2024ರ ಬೇಸಿಗೆಯನ್ನು ನೆನೆದರೆ ನಾನು ಆ ಮಾತನ್ನು ಪೂರ್ತಿ ಒಪ್ಪಲಾರೆ.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಚಳ್ಳಕೆರೆ, ಮೊಳಕಾಲ್ಮುರು ಅದರಲ್ಲಿದ್ದವು. (ನಮ್ಮ ತಾಲ್ಲೂಕುಗಳಿಲ್ಲದ ಬರಪಟ್ಟಿಯನ್ನು ಹಿರಿಯರೂ ಕಂಡಿರುವುದು ಅಪರೂಪ.) ಅದರ ಮುಂದಿನ ಬೇಸಿಗೆಯಲ್ಲೇ ಲೋಕಸಭಾ ಚುನಾವಣೆ. ಏಪ್ರಿಲ್ 8ಕ್ಕೆ ನಾಮಪತ್ರ ವಾಪಸಾತಿ ಮುಗಿದು 26ಕ್ಕೆ ಚಿತ್ರದುರ್ಗದಲ್ಲಿ ಮತದಾನ.

ಆ ದಿನಗಳಲ್ಲಿ ಅಭ್ಯರ್ಥಿ ಪ್ರಚಾರ ಬಿಟ್ಟು ಕೂತಿದ್ದರೆ ಏನಾಗುತ್ತಿತ್ತು? ಕೊಳವೆಬಾವಿಗೆ, ಟ್ಯಾಂಕರ್‌ಗೆ, ಮೇವಿಗೆ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆ ಕೆಲಸ ಜಿಲ್ಲಾಧಿಕಾರಿ, ತಹಶೀಲ್ದಾರ್, ಪಂಚಾಯಿತಿಯದು. ನೀತಿ ಸಂಹಿತೆ ಇದ್ದರೂ ಕುಡಿಯುವ ನೀರಿನ ಕೆಲಸ ನಿಲ್ಲಬೇಕಿಲ್ಲ. ಬರ ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಚುನಾವಣಾ ಆಯೋಗದ ಒಪ್ಪಿಗೆಯೂ ಬೇಕಾಯಿತು. ಕೊನೆಗೆ ಕೇಂದ್ರ 3,454 ಕೋಟಿಗೆ ಮಂಜೂರಾತಿ ಕೊಟ್ಟ ಸುದ್ದಿ ಬಂದದ್ದು ನಮ್ಮ ಮತದಾನದ ಮರುದಿನ! ತಡವಾಗಿದ್ದು ಕಡತ. ಅಭ್ಯರ್ಥಿಯ ಜೀಪು ನಿಂತಿದ್ದರೆ ಆ ಕಡತ ಬೇಗ ಓಡುತ್ತಿರಲಿಲ್ಲ.

ಇನ್ನೊಂದು ಮಾತು. ಹಟ್ಟಿಗಳ ಜನಕ್ಕೆ ದೊಡ್ಡವರನ್ನು ನಿಲ್ಲಿಸಿ ಕೇಳಲು ಸಿಗುವುದೇ ಪ್ರಚಾರದ ಆ ಎರಡು ವಾರ. ಖಾಲಿ ಕೊಡ ಹಿಡಿದು ಪ್ರಶ್ನೆ ಕೇಳುವ ಅವಕಾಶವನ್ನು ಬರದ ಹೆಸರಿನಲ್ಲೇ ಕಿತ್ತುಕೊಳ್ಳುವುದು ಯಾವ ನ್ಯಾಯ?

2021ರ ಏಪ್ರಿಲ್ ಬೇರೆ. ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆ ನಡೆದದ್ದು ಕೊರೊನಾ ಎರಡನೇ ಅಲೆಯ ನಡುವೆ. ಅಲ್ಲಿ ಸಭೆಯೇ ರೋಗ ಹರಡುವ ಜಾಗ. ಪಶ್ಚಿಮ ಬಂಗಾಳದಲ್ಲಿ ರಾಹುಲ್ ಗಾಂಧಿ ತಮ್ಮ ರ‍್ಯಾಲಿಗಳನ್ನು ರದ್ದು ಮಾಡಿದ್ದು ಅದೇ ತಿಂಗಳ 18ರಂದು. ಪ್ರಚಾರದಿಂದಲೇ ಜನ ಸಾಯುವಂತಿದ್ದರೆ ನಿಲ್ಲಿಸಲೇಬೇಕು, ಚರ್ಚೆಯೇ ಇಲ್ಲ. ಅಮೆರಿಕದಲ್ಲಿ 2008ರಲ್ಲಿ ಜಾನ್ ಮೆಕೇನ್ ಆರ್ಥಿಕ ಬಿಕ್ಕಟ್ಟಿಗಾಗಿ ಪ್ರಚಾರ ನಿಲ್ಲಿಸುವುದಾಗಿ ಹೇಳಿ, ಎರಡೇ ದಿನಕ್ಕೆ ಚರ್ಚಾ ವೇದಿಕೆ ಹತ್ತಿದರು. ಬಿಕ್ಕಟ್ಟು ಅಲ್ಲೇ ಇತ್ತು.

ನನ್ನ ತಕರಾರು ಇರುವುದು ಅಧಿಕಾರದಲ್ಲಿರುವವರ ಬಗ್ಗೆ. ಮಂತ್ರಿ, ಶಾಸಕರು ಯಾವ ಪಕ್ಷದವರೇ ಆಗಲಿ, ತಮ್ಮ ತಾಲ್ಲೂಕು ಒಣಗಿರುವಾಗ ಬೇರೆಯವರ ಪರ ಮತ ಕೇಳುತ್ತಾ ಊರೂರು ಸುತ್ತುವುದು ಸರಿಯಲ್ಲ. ಸಂಬಳ, ಸಹಿ ಎರಡೂ ಇರುವವರು ಅವರು. ಬಿಡುವು ಮಾಡಿಕೊಳ್ಳಬೇಕಾದವರೂ ಅವರೇ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಬರುವ ಹೊತ್ತಿಗೆ ನಮ್ಮಲ್ಲಿ ಹಲವರ ಕೈಯಲ್ಲಿ ಮತದಾರರ ಚೀಟಿ ಇರುತ್ತದೆ. ಓಟು ಕೇಳಲು ಬಂದವರನ್ನು ವಾಪಸ್ ಕಳಿಸಬೇಡಿ, ಬೋರ್‌ವೆಲ್ ಹತ್ತಿರ ಕರೆದುಕೊಂಡು ಹೋಗಿ.