ಎರಡು ತಿಂಗಳ ಮಳೆ, ಹನ್ನೆರಡು ತಿಂಗಳ ಕಂತು

ಕರಾವಳಿಯ ಸಣ್ಣ ಪಟ್ಟಣದಲ್ಲಿ ಬಾಳುವುದೆಂದರೆ ವರ್ಷವನ್ನು ಎರಡು ಅಸಮ ಭಾಗಗಳಾಗಿ ಒಡೆದುಕೊಂಡು ಬಾಳುವುದು. ಕುಂದಾಪುರವನ್ನೇ ತೆಗೆದುಕೊಳ್ಳೋಣ. ಮೂರು ಕಡೆ ನೀರಿರುವ ಊರು. ಪಂಚಗಂಗಾವಳಿಯ ಆಚೆ ದಡದಲ್ಲಿ ಗಂಗೊಳ್ಳಿಯ ಮೀನುಗಾರಿಕಾ ಬಂದರು. ದೀಪಾವಳಿ ಕಳೆದರೆ ಮೇ ತಿಂಗಳ ಕೊನೆಯವರೆಗೆ ಇಲ್ಲಿ ಬಿಡುವೆಂಬುದಿಲ್ಲ. ಜಾತ್ರೆ, ಮದುವೆ, ಗೃಹಪ್ರವೇಶ, ಹರಕೆಯಾಟ ಒಂದರ ಹಿಂದೊಂದು ಬರುತ್ತವೆ. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುವ ನಮ್ಮವರು ಮಕ್ಕಳ ರಜೆಗೆಂದು ಊರಿಗೆ ಬರುವುದೂ ಈ ಅವಧಿಯಲ್ಲೇ. ಮೇ ಕೊನೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜೂನ್ 1ಕ್ಕೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಅಲ್ಲಿಗೆ ಪೇಟೆಯ ಉಸಿರು ಅರ್ಧ ನಿಂತಂತೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಉಳಿಯಬೇಕಾದರೆ ಈ ನಿಷೇಧ ಅಗತ್ಯ. ಅದರ ಬಗ್ಗೆ ತಕರಾರಿಲ್ಲ. ನಾಡದೋಣಿಗಳಿಗೆ ಅವಕಾಶವಿದೆಯಾದರೂ ಕಡಲು ಒಪ್ಪಿದ ದಿನ ಮಾತ್ರ. ಮಂಜುಗಡ್ಡೆಯ ಕಾರ್ಖಾನೆ, ಬಲೆ ಮತ್ತು ಹಗ್ಗದ ಅಂಗಡಿ, ಎಂಜಿನ್ ದುರಸ್ತಿಯ ವರ್ಕ್‌ಶಾಪು, ಮೀನು ಸಾಗಿಸುವ ಲಾರಿ, ಎಲ್ಲವೂ ಒಟ್ಟಿಗೇ ಕೈಕಟ್ಟಿ ಕುಳಿತುಕೊಳ್ಳುತ್ತವೆ. ಕಟ್ಟಡದ ಕೆಲಸ ನಿಲ್ಲುವುದರಿಂದ ಸಿಮೆಂಟು, ಕಬ್ಬಿಣ, ಬಣ್ಣದ ವ್ಯಾಪಾರವೂ ಇಳಿಯುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಜವಳಿಯವರಿಗೂ ಶಾಮಿಯಾನದವರಿಗೂ ಹರಟೆಗೆ ಪುರುಸೊತ್ತು. ನಗುಮುಖದಲ್ಲಿರುವವರು ಕೊಡೆ ಮತ್ತು ಟಾರ್ಪಾಲು ಮಾರುವವರು ಮಾತ್ರ.

ಆದರೆ ಕಿರಾಣಿ ಅಂಗಡಿಯ ಲೆಕ್ಕ ಬೇರೆ. ಅಲ್ಲಿ ಮಾಲು ಹೋಗುತ್ತಲೇ ಇರುತ್ತದೆ, ಹಣ ಬರುವುದಿಲ್ಲ. ದೋಣಿಯಲ್ಲಿ ದುಡಿಯುವವನ ಮನೆಗೆ ಜೂನ್‌ನಲ್ಲೂ ಅಕ್ಕಿ ಬೇಕು, ಮಕ್ಕಳಿಗೆ ಶಾಲೆ ಆರಂಭದ ಪುಸ್ತಕ, ಚೀಲ ಬೇಕು. ಅಂಗಡಿಯ ಉದ್ದರಿ ಪುಸ್ತಕ ದಪ್ಪವಾಗುವುದು ಈ ಎರಡು ತಿಂಗಳಲ್ಲೇ; ಅದು ತೆಳುವಾಗುವುದು ದೋಣಿಗಳು ಮರಳಿ ಕಡಲಿಗಿಳಿದು ಒಂದೆರಡು ಒಳ್ಳೆಯ ಬಲೆ ಬಿದ್ದ ಮೇಲೆ, ಸೆಪ್ಟೆಂಬರ್‌ನಲ್ಲಿ. ಕೊಡುವುದಿಲ್ಲವೆನ್ನಲು ಸಣ್ಣ ಊರಿನಲ್ಲಿ ಬಾಯಿ ಬರುವುದಿಲ್ಲ. ಸಾಲ ಪಡೆದವನೂ ಕೊಟ್ಟವನೂ ಒಂದೇ ದೇವಸ್ಥಾನದ ಪ್ರಸಾದಕ್ಕೆ ಕೈಯೊಡ್ಡುವವರು. ವಕೀಲರ ನೋಟೀಸು ಕಳುಹಿಸಿದರೆ ಹಣ ಬಂದರೂ ಬರಬಹುದು, ಗಿರಾಕಿಯ ಮನೆತನವೇ ಹೋಗುತ್ತದೆ. ಇದನ್ನು ದೌರ್ಬಲ್ಯವೆಂದು ಭಾವಿಸಬಾರದು. ನಮ್ಮ ವ್ಯಾಪಾರದ ಬುನಾದಿಯೇ ಇದು.

ಹೀಗೆ ಇಡೀ ಊರಿನ ಮಳೆಗಾಲವನ್ನು ಅಂಗಡಿಯವನು ತನ್ನ ಬಂಡವಾಳದ ಮೇಲೆ ದಾಟಿಸುತ್ತಾನೆ. ಅವನ ಬ್ಯಾಂಕ್ ಸಾಲದ ಕಂತು ಮಾತ್ರ ಜನವರಿಯಲ್ಲಿ ಎಷ್ಟೋ ಜುಲೈಯಲ್ಲೂ ಅಷ್ಟೇ. ರೈತನ ಬೆಳೆಸಾಲ ಬೆಳೆಯ ಹಂಗಾಮನ್ನು ನೋಡಿಕೊಂಡು ನಡೆಯುತ್ತದೆ. ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮುಗಳ ಕಾಲ ಬಾಕಿ ನಿಂತ ಮೇಲಷ್ಟೇ ಸಾಲ ಅನುತ್ಪಾದಕವೆನಿಸುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ರಲ್ಲಿ ಮೀನುಗಾರರಿಗೂ ವಿಸ್ತರಿಸಿದ್ದು ಸ್ವಾಗತಾರ್ಹ. ಅದೇ ಮೀನುಗಾರನಿಗೆ ಅಕ್ಕಿ ಕೊಟ್ಟವನಿಗೆ, ಮಂಜುಗಡ್ಡೆ ಒದಗಿಸಿದವನಿಗೆ 90 ದಿನಗಳ ನಿಯಮ. ನಿಷೇಧದ ಅವಧಿಯೊಂದೇ ಅದರಲ್ಲಿ 61 ದಿನಗಳನ್ನು ನುಂಗುತ್ತದೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವರ್ತಕರನ್ನೂ ಎಂಎಸ್‌ಎಂಇ ಪಟ್ಟಿಗೆ ಸೇರಿಸಲಾಯಿತಾದರೂ ಅದು ಆದ್ಯತಾ ರಂಗದ ಸಾಲಕ್ಕೆ ಸೀಮಿತ. ಮಳೆಯ ಲೆಕ್ಕ ಅದರಲ್ಲಿಲ್ಲ.

ನಮ್ಮ ಕರಾವಳಿಯ ಬ್ಯಾಂಕುಗಳಿಗೆ ಹಿಂದೆ ಈ ಲೆಕ್ಕ ಗೊತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮೂಲ ಉದ್ದೇಶವೇ ಸಂಕಷ್ಟದಲ್ಲಿದ್ದ ಕೈಮಗ್ಗ ನೇಕಾರರಿಗೆ ನೆರವಾಗುವುದು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ದಿನದ ದುಡಿಮೆಯವನಿಗೆ ದಿನದ ಉಳಿತಾಯ: ಗಿರಾಕಿಯ ಆದಾಯ ಹೇಗೆ ಬರುತ್ತದೆಯೋ ಬ್ಯಾಂಕು ಹಾಗೆ ನಡೆದುಕೊಂಡಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಶಾಖೆಗಳು ಉಳಿದಿವೆ, ಸಿಬ್ಬಂದಿಯೂ ಸೌಜನ್ಯದವರೇ. ಆದರೆ ಕಂತಿನ ಪಟ್ಟಿಯನ್ನು ತಯಾರಿಸುವ ಕಂಪ್ಯೂಟರಿಗೆ ಗಂಗೊಳ್ಳಿಯೂ ಒಂದೇ, ಗುಲ್ಬರ್ಗವೂ ಒಂದೇ.

ಬೇಸಿಗೆಯಲ್ಲಿ ದುಡಿದದ್ದನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಿ ಎಂದು ಬುದ್ಧಿ ಹೇಳುವವರಿದ್ದಾರೆ. ಹಪ್ಪಳ, ಉಪ್ಪಿನಕಾಯಿ, ಒಣಮೀನು, ಕಟ್ಟಿಗೆಗಳನ್ನು ಮೇ ತಿಂಗಳಲ್ಲೇ ಕೂಡಿಡುವ ಮನೆಗಳಲ್ಲಿ ಬೆಳೆದ ನಮಗೆ ಈ ಪಾಠ ಹೊಸದಲ್ಲ. ಕೂಡಿಟ್ಟದ್ದೇ ಉದ್ದರಿಯ ರೂಪದಲ್ಲಿ ಪೇಟೆಯಲ್ಲಿ ಹರಡಿಕೊಂಡಿದೆ ಎಂಬುದಷ್ಟೇ ನಮ್ಮ ಉತ್ತರ.

ಸಾಲ ಮನ್ನಾ ಆಗಲಿ, ಬಡ್ಡಿ ಮಾಫಿಯಾಗಲಿ ನಾವು ಕೇಳುತ್ತಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಬಡ್ಡಿ ಮಾತ್ರ ಕಟ್ಟಿಸಿಕೊಂಡು ಅಸಲಿನ ಕಂತನ್ನು ಉಳಿದ ಹತ್ತು ತಿಂಗಳಿಗೆ ಹಂಚಿದರೆ ಬ್ಯಾಂಕಿಗೆ ವರ್ಷದಲ್ಲಿ ಬರಬೇಕಾದ ಅಸಲು ಬಂದೇ ಬರುತ್ತದೆ. ಆದರೆ ಇದನ್ನು ಸಾಲ ಮಂಜೂರಾಗುವ ಹೊತ್ತಿನಲ್ಲೇ ಬರೆಸಿಕೊಳ್ಳಬೇಕು. ವಾಯಿದೆಯೇ ಬಾರದ ಕಂತು ಬಾಕಿಯೆನಿಸದು. ಕಂತು ತಪ್ಪಿದ ಮೇಲೆ ಬದಲಾವಣೆ ಕೇಳಿದರೆ ಅದು ಸಾಲದ ಪುನರ್ರಚನೆಯಾಗಿ ನಮ್ಮ ಹೆಸರಿಗೇ ಕಪ್ಪು ಹತ್ತುತ್ತದೆ. ಹೊಸ ಸಾಲಕ್ಕೆ ಅರ್ಜಿ ಹಾಕುವ ವರ್ತಕ ಬಾಂಧವರು ಕಳೆದ ಮೂರು ವರ್ಷಗಳ ಖಾತೆಯ ಜಮೆಯನ್ನು ತಿಂಗಳುವಾರು ಬರೆದು ಅರ್ಜಿಯೊಂದಿಗೆ ಲಗತ್ತಿಸಲಿ. ಮಳೆ ಎಲ್ಲಿ ಆರಂಭವಾಯಿತೆಂಬುದು ಆ ಹಾಳೆಯಲ್ಲೇ ಕಾಣುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಾಲೋಚನಾ ಸಮಿತಿಯಲ್ಲಿ ಬ್ಯಾಂಕುಗಳೆಲ್ಲವೂ ಸೇರುತ್ತವೆ. ಮುಂದಿನ ಮುಂಗಾರಿಗೆ ಮೊದಲು ನಡೆಯುವ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರುವಂತೆ ನಮ್ಮ ಸಂಸ್ಥೆಯ ಪದಾಧಿಕಾರಿಗಳು ಲಿಖಿತ ಮನವಿ ಸಲ್ಲಿಸಬೇಕು. ಮನವಿಯ ಜೊತೆಗೆ ಇಂತಹ ಐವತ್ತು ಹಾಳೆಗಳಿದ್ದರೆ ಮಾತು ಬೇಗ ಮುಗಿದೀತು.